ಜಾಗಗಳ ಪಟ್ಟಿಯ ಜೊತೆಗೆ ಗಂಟೆಗಳ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂತೆಂದರೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ‘ಎರಡೇ ದಿನದಲ್ಲಿ ಮಹಾನಗರ’ ಎಂಬ ಧಾಟಿಯ ಬರಹಗಳು ಹೆಚ್ಚುತ್ತವೆ. ನೋಡಲೇಬೇಕಾದ ಹತ್ತು ಹನ್ನೆರಡು ಜಾಗಗಳ ಪಟ್ಟಿ ಇರುತ್ತದೆ, ಒಳ್ಳೆಯ ಚಿತ್ರಗಳಿರುತ್ತವೆ. ಒಂದು ಜಾಗದಿಂದ ಮತ್ತೊಂದಕ್ಕೆ ಎಷ್ಟು ಹೊತ್ತು ಬೇಕು, ಒಳಗೆ ಎಷ್ಟು ನಡೆಯಬೇಕು, ಕೂರಲು ಬೆಂಚು ಇದೆಯೇ, ಟಿಕೆಟ್ ಕಿಟಕಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಒಬ್ಬನೇ ಹೋಗುವ ಯುವಕ ಆ ಪಟ್ಟಿ ಹಿಡಿದು ಹೇಗೋ ಓಡಾಡಿ ಬಂದಾನು. ಐದು ವರ್ಷದ ಮಗು, ಎಪ್ಪತ್ತರ ಅಜ್ಜಿ ಜೊತೆಗಿರುವ ಕುಟುಂಬ ಅದನ್ನು ನಂಬಿ ಹೊರಟರೆ ಶನಿವಾರ ಸಂಜೆಗೇ ಸೋತು ಕೂರುತ್ತದೆ. ಕುಟುಂಬಗಳಿಗೆ ಇಂಥ ಪ್ರವಾಸದ ಯೋಜನೆ ಮಾಡಿಕೊಡುವ ಕೆಲಸದಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕೆ.

ಮೊದಲು ಲೆಕ್ಕ ನೋಡೋಣ. ಶನಿವಾರ ಬೆಳಿಗ್ಗೆ 10 ಗಂಟೆಗೆ ನಗರ ತಲುಪಿ ಭಾನುವಾರ ಸಂಜೆ 6ಕ್ಕೆ ಹೊರಡುವವರ ಕೈಯಲ್ಲಿರುವುದು 32 ಗಂಟೆ. ರಾತ್ರಿ ನಿದ್ದೆ, ಬೆಳಗಿನ ಸ್ನಾನ, ಮಕ್ಕಳನ್ನು ಸಿದ್ಧಮಾಡುವುದು ಎಂದು 11 ಗಂಟೆ ಹೋಯಿತು. ನಾಲ್ಕು ಹೊತ್ತಿನ ಊಟ ತಿಂಡಿಗೆ ತಲಾ ಒಂದು ಗಂಟೆ. ಕೋಣೆ ಹಿಡಿಯುವುದು, ಬಿಡುವುದು, ಲಗೇಜು ಇಡುವುದು ಸೇರಿ ಎರಡು ಗಂಟೆ. ನಗರದೊಳಗಿನ ಓಡಾಟಕ್ಕೆ ಐದು ಗಂಟೆ. ಮಧ್ಯಾಹ್ನ ಮಗುವೂ ಹಿರಿಯರೂ ಕಾಲು ಚಾಚಲು ಎರಡು ಗಂಟೆ. ಉಳಿದದ್ದು ಎಂಟು. ಒಂದು ದೊಡ್ಡ ವಸ್ತುಸಂಗ್ರಹಾಲಯಕ್ಕೋ ಮೃಗಾಲಯಕ್ಕೋ ಮೂರು ಗಂಟೆ ಬೇಕೇ ಬೇಕು. ಅಂದರೆ ವಾರಾಂತ್ಯದಲ್ಲಿ ಹಿಡಿಸುವುದು ಎರಡು ದೊಡ್ಡ ಜಾಗ, ಒಂದೆರಡು ಸಣ್ಣವು. ಶನಿವಾರ ಬೆಳಿಗ್ಗೆಗೊಂದು, ಭಾನುವಾರ ಬೆಳಿಗ್ಗೆಗೊಂದು, ಮಳೆ ಬಂದರೆ ಇರಲಿ ಎಂದು ಸೂರಿನಡಿಯದು ಒಂದು. ಹನ್ನೆರಡರ ಪಟ್ಟಿಯಲ್ಲಿ ಮಿಕ್ಕವನ್ನು ಮನೆಯಲ್ಲೇ ಹೊಡೆದುಹಾಕಿ ಹೊರಟರೆ ಅಲ್ಲಿ ರಸ್ತೆ ಬದಿಯಲ್ಲಿ ನಿಂತು ಜಗಳವಾಡುವುದು ತಪ್ಪುತ್ತದೆ.

ಓಡಾಟದ ಐದು ಗಂಟೆ ಹೆಚ್ಚಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಬಾಡಿಗೆ ಕಡಿಮೆ ಎಂದು ನಗರದ ಅಂಚಿನಲ್ಲಿ ಕೋಣೆ ಹಿಡಿಯುವವರು ಬಹಳ. ಕೇಂದ್ರದಿಂದ ಕೋಣೆ 15 ಕಿ.ಮೀ. ದೂರವಿದ್ದು ವಾಹನ ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗಿದರೆ ಒಂದು ಕಡೆಗೇ 45 ನಿಮಿಷ. ಎರಡು ದಿನಕ್ಕೆ ನಾಲ್ಕು ಸಲ ಓಡಾಡಿದರೆ ಮೂರು ಗಂಟೆ ಅಲ್ಲೇ ಮುಗಿಯಿತು. ಮಧ್ಯಾಹ್ನ ಕೋಣೆಗೆ ಬಂದು ಮಲಗಿ ಎದ್ದು ಹೋಗುವ ದಾರಿಯೂ ಮುಚ್ಚಿತು. ಚಿಕ್ಕ ಮಕ್ಕಳಿರುವ ಮನೆಯವರಿಗೆ ಆ ಮಧ್ಯಾಹ್ನದ ನಿದ್ದೆಯೇ ಸಂಜೆಯ ಬಂಡವಾಳ. ಹಾಗಾಗಿ ಕೋಣೆ ಸ್ವಲ್ಪ ಚಿಕ್ಕದಾದರೂ ಸರಿ, ನೋಡಬೇಕಾದ ಜಾಗಗಳ ನಡುವೆ ಇರಲಿ ಎಂದು ನಾವು ಎಲ್ಲರಿಗೂ ಹೇಳುತ್ತೇವೆ.

‘ಮೆಟ್ರೊ ನಿಲ್ದಾಣದಿಂದ 500 ಮೀಟರ್’ ಎಂಬ ಜಾಹೀರಾತಿನ ಸಾಲನ್ನೂ ಪರೀಕ್ಷಿಸಬೇಕು. ಆ ದೂರವನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದಿರಬಹುದು. ನಡುವೆ ದೊಡ್ಡ ರಸ್ತೆಯೋ ರೈಲು ಹಳಿಯೋ ಇದ್ದರೆ ಸುತ್ತಿ ಬರಬೇಕು. ದೊಡ್ಡ ನಿಲ್ದಾಣಕ್ಕೆ ನಾಲ್ಕಾರು ದ್ವಾರಗಳಿರುತ್ತವೆ, ಎಲ್ಲದಕ್ಕೂ ಲಿಫ್ಟ್ ಇರುವುದಿಲ್ಲ. ನೆಲದಡಿಯ ಪ್ಲಾಟ್‌ಫಾರ್ಮಿನಿಂದ ರಸ್ತೆಗೆ ಬರಲು ಐದಾರು ನಿಮಿಷ ಹಿಡಿಯುವುದೂ ಉಂಟು. ಕೋಣೆ ಕಾಯ್ದಿರಿಸುವ ಮೊದಲು ಫೋನ್ ಮಾಡಿ, ಯಾವ ದ್ವಾರ ಹತ್ತಿರ, ಆ ದ್ವಾರದಲ್ಲಿ ಲಿಫ್ಟ್ ಇದೆಯೇ ಎಂಬ ಎರಡು ಪ್ರಶ್ನೆ ಕೇಳಿದರೆ ಸಾಕು.

ಲಗೇಜಿನದು ಬಹಳ ಜನ ಎಡವುವ ಜಾಗ. ಹೆಚ್ಚಿನ ಹೋಟೆಲುಗಳಲ್ಲಿ ಕೋಣೆ ಸಿಗುವುದು ಮಧ್ಯಾಹ್ನ 12ರಿಂದ 3ರ ನಡುವೆ, ಬಿಡಬೇಕಾದ್ದು ಬೆಳಿಗ್ಗೆ 10ರಿಂದ 12ರೊಳಗೆ. ಶನಿವಾರ ಬೆಳಿಗ್ಗೆ ಕೋಣೆಯಿಲ್ಲ, ಭಾನುವಾರ ಮಧ್ಯಾಹ್ನದ ಮೇಲೂ ಇಲ್ಲ. ಎರಡೂ ದಿನದ ಒಳ್ಳೆಯ ಹೊತ್ತಿನಲ್ಲಿ ಸೂಟ್‌ಕೇಸು ಕೈಯಲ್ಲೇ ಉಳಿಯುತ್ತದೆ. ದೊಡ್ಡ ಚೀಲವಿದ್ದರೆ ಅನೇಕ ವಸ್ತುಸಂಗ್ರಹಾಲಯಗಳು ಒಳಗೇ ಬಿಡುವುದಿಲ್ಲ. ಕೋಣೆ ಸಿಗುವ ಮೊದಲೂ ಬಿಟ್ಟ ನಂತರವೂ ಲಗೇಜು ಇಟ್ಟುಕೊಳ್ಳುತ್ತೀರಾ ಎಂದು ಹೋಟೆಲಿನವರನ್ನು ಮುಂಚೆಯೇ ಕೇಳಿಟ್ಟುಕೊಳ್ಳಬೇಕು. ಇಲ್ಲ ಎಂದರೆ ರೈಲು ನಿಲ್ದಾಣದ ಕ್ಲೋಕ್‌ರೂಮ್ ಇದೆ, ಆದರೆ ಅಲ್ಲಿ ಬೀಗವಿಲ್ಲದ ಚೀಲ ತೆಗೆದುಕೊಳ್ಳದೆ ಇರಬಹುದು. ಒಂದು ಸಣ್ಣ ಬೀಗ ಜೊತೆಗಿರಲಿ. ಮನೆಯಲ್ಲಿ ತುಂಬುವಾಗಲೇ ಬೆನ್ನಿಗೆ ಹಾಕುವ ಚೀಲವನ್ನು ಬೇರೆ ಮಾಡಿಟ್ಟುಕೊಳ್ಳಬೇಕು. ಮಗುವಿಗೆ ಒಂದು ಜೊತೆ ಬಟ್ಟೆ, ನೀರು, ಒಣ ತಿನಿಸು, ಹಿರಿಯರ ಮಾತ್ರೆ, ಗುರುತಿನ ಚೀಟಿ, ಚಾರ್ಜರ್ ಅದರಲ್ಲಿರಲಿ. ಮಾತ್ರೆ ಎರಡು ದಿನಕ್ಕಲ್ಲ, ಮೂರು ದಿನಕ್ಕೆ ಬೇಕು. ಭಾನುವಾರ ರಾತ್ರಿಯ ರೈಲು ತಪ್ಪಿದರೆ ಸೋಮವಾರ ಬೆಳಗಿನ ಮಾತ್ರೆಗೆ ಅಂಗಡಿ ಹುಡುಕುವ ಪಾಡು ಬರಬಾರದು.

ಶನಿವಾರ ಭಾನುವಾರ ಹೋಗುವವರಿಗೆ ಸಂಗ್ರಹಾಲಯಗಳ ವಾರದ ರಜೆಯ ಚಿಂತೆಯೇಕೆ ಎಂದು ಕೇಳುವವರಿದ್ದಾರೆ. ಹಬ್ಬದ ರಜೆ ಸೇರಿಸಿ ಶುಕ್ರವಾರ ಹೊರಡುವವರು, ಸೋಮವಾರ ಉಳಿಯುವವರು ಕಡಿಮೆಯಿಲ್ಲ. ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ ರಜೆ, ಅದೇ ಊರಿನ ಓರ್ಸೆ ಸಂಗ್ರಹಾಲಯಕ್ಕೆ ಸೋಮವಾರ, ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಶುಕ್ರವಾರ. ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ರಜೆಗಿಂತ ಹೆಚ್ಚು ಜನರನ್ನು ಬಾಗಿಲಲ್ಲಿ ನಿಲ್ಲಿಸುವುದು ‘ಕೊನೆಯ ಪ್ರವೇಶ’. ಸಂಜೆ 5ಕ್ಕೆ ಮುಚ್ಚುವ ಕಡೆ ಟಿಕೆಟ್ ಕೊಡುವುದನ್ನು ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ನಿಲ್ಲಿಸಿರುತ್ತಾರೆ. ನಾಲ್ಕೂಕಾಲಿಗೆ ಓಡಿಬಂದವರಿಗೆ ತೆರೆದ ಗೇಟೂ ಮುಚ್ಚಿದ ಕಿಟಕಿಯೂ ಒಟ್ಟಿಗೇ ಕಾಣುತ್ತವೆ. ಭಾನುವಾರ ಹಲವು ನಗರಗಳಲ್ಲಿ ಮೆಟ್ರೊದ ಮೊದಲ ರೈಲು ತಡ, ರೈಲುಗಳ ನಡುವಿನ ಅಂತರವೂ ಹೆಚ್ಚು. ವಾರದ ದಿನದ ವೇಳಾಪಟ್ಟಿ ನೋಡಿ ಹೊರಟವರು ಬೆಳಿಗ್ಗೆಯೇ ಅರ್ಧ ಗಂಟೆ ಕಳೆದುಕೊಳ್ಳುತ್ತಾರೆ.

ಇನ್ನು ದಣಿವಿನ ಮಾತು. ‘ನಾಲ್ಕು ಹೆಜ್ಜೆ ನಡೆದಿಲ್ಲ, ಆಗಲೇ ಕಾಲು ನೋವಂತೆ’ ಎಂದು ಮಕ್ಕಳನ್ನೂ ಹಿರಿಯರನ್ನೂ ಗದರುವುದು ಎಲ್ಲ ಕಡೆ ಕೇಳಿಸುತ್ತದೆ. ಗದರುವುದು ತಪ್ಪು. ವಸ್ತುಸಂಗ್ರಹಾಲಯದ ದಣಿವಿಗೆ ಅದರದೇ ಹೆಸರಿದೆ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ ಆ ಕುರಿತೇ ಲೇಖನ ಬರೆದರು. ನೋಡುಗನೊಬ್ಬ ಗಾಜಿನ ಪೆಟ್ಟಿಗೆಯ ಮುಂದೆ ಹೇಗೆ ಬಗ್ಗಬೇಕು, ಕತ್ತು ತಿರುಗಿಸಬೇಕು, ಮಂಡಿಯೂರಬೇಕು ಎಂಬುದನ್ನು ಫೋಟೊ ತೆಗೆಸಿ ತೋರಿಸಿದರು. ಬಿರುಸಾಗಿ ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿದಂತೆ ದುಡಿದು ಕಾಲಿನ ರಕ್ತವನ್ನು ಮೇಲಕ್ಕೆ ಕಳಿಸುತ್ತವೆ. ನಾಲ್ಕು ಹೆಜ್ಜೆ ನಡೆದು ಎರಡು ನಿಮಿಷ ನಿಲ್ಲುವ ಕಡೆ ಆ ಕೆಲಸ ಸರಿಯಾಗಿ ಆಗುವುದಿಲ್ಲ, ಕಾಲು ಭಾರವಾಗುತ್ತದೆ. ಗಟ್ಟಿ ನೆಲ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಮಗುವಿನ ಕಾಲಂತೂ ಚಿಕ್ಕದು. ದೊಡ್ಡವರು ಒಂದು ಹೆಜ್ಜೆ ಇಡುವಲ್ಲಿ ಅದು ಎರಡಿಡುತ್ತದೆ.

ಪರಿಹಾರ ಸರಳ. ಒಳಹೋದ ಕೂಡಲೇ ನಕ್ಷೆ ತೆಗೆದುಕೊಂಡು ಮೂರೇ ಮೂರು ಕೋಣೆ ಗುರುತಿಸಿ, ದೂರದ್ದನ್ನು ಮೊದಲು ನೋಡಿ, ಬಾಗಿಲಿನ ಕಡೆಗೆ ನೋಡುತ್ತ ಬರಬೇಕು. ಸುಸ್ತಾದಾಗ ಹೊರದಾರಿ ಹತ್ತಿರವಿರುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಬೇಕಿರಲಿ ಬೇಡದಿರಲಿ ಹತ್ತು ನಿಮಿಷ ಕೂರಬೇಕು. ಸುಸ್ತಾದ ಮೇಲೆ ಕೂತರೆ ಚೇತರಿಸಿಕೊಳ್ಳಲು ಅದರ ಎರಡರಷ್ಟು ಹೊತ್ತು ಹಿಡಿಯುತ್ತದೆ ಎಂಬುದು ನಮ್ಮ ಅನುಭವ. ಅನೇಕ ದೊಡ್ಡ ಸಂಗ್ರಹಾಲಯಗಳು ಗಾಲಿಕುರ್ಚಿಯನ್ನು ಹಾಗೆಯೇ ಕೊಡುತ್ತವೆ, ಗುರುತಿನ ಚೀಟಿ ಇಟ್ಟುಕೊಳ್ಳಬಹುದು ಅಷ್ಟೆ. ನಡೆಯಬಲ್ಲ ಅಜ್ಜ ಅಜ್ಜಿಯರು ಅದರಲ್ಲಿ ಕೂರಲು ಸಂಕೋಚಪಡುತ್ತಾರೆ. ಮೂರು ಗಂಟೆ ಮೊಮ್ಮಕ್ಕಳ ಜೊತೆ ಇರಬೇಕೆಂದರೆ ಒಂದು ಗಂಟೆ ಅದರಲ್ಲಿ ಕೂರುವುದರಲ್ಲಿ ನಾಚಿಕೆಯೇನೂ ಇಲ್ಲ ಎಂದು ಮನೆಯವರೇ ಹೇಳಬೇಕು.

ಹೊಸ ಚಪ್ಪಲಿ, ಹೊಸ ಷೂ ಈ ಪ್ರವಾಸಕ್ಕೆ ಖಂಡಿತ ಬೇಡ. ಬೆವರಿನಿಂದ ಮೆತ್ತಗಾದ ಚರ್ಮಕ್ಕೆ ಗಟ್ಟಿ ಅಂಚು ಉಜ್ಜಿದಾಗಲೇ ಚಪ್ಪಲಿ ಕಚ್ಚುವುದು. ಹಿಮ್ಮಡಿ ಬಿಸಿಯಾಗಿ ಚುರುಗುಟ್ಟಿದಾಗಲೇ ನಿಂತು ಪಟ್ಟಿ ಅಂಟಿಸಿದರೆ ಗುಳ್ಳೆ ಏಳುವುದಿಲ್ಲ. ಎದ್ದ ಮೇಲೆ ಅಂಟಿಸಿದರೆ ನೋವು ಎರಡೂ ದಿನ ಜೊತೆಗಿರುತ್ತದೆ.

ಎಸ್ಕಲೇಟರಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಗರದ ಮಾಲುಗಳಲ್ಲಿ, ನಿಲ್ದಾಣಗಳಲ್ಲಿ ಮಕ್ಕಳು ಮೊದಲು ಓಡುವುದೇ ಅಲ್ಲಿಗೆ. ಚಲಿಸುವ ಮೆಟ್ಟಿಲಿಗೂ ಪಕ್ಕದ ಅಲುಗದ ಲೋಹದ ಗೋಡೆಗೂ ನಡುವೆ ಬೆರಳ ತುದಿ ಹೋಗದಷ್ಟು ಸಣ್ಣ ಸಂದು ಇರುತ್ತದೆ. ಮೆತ್ತನೆಯ ರಬ್ಬರಿನಂಥ ಪಾದರಕ್ಷೆ ತೊಟ್ಟ ಮಗು ಅಂಚಿಗೆ ಒತ್ತಿ ನಿಂತರೆ ಆ ರಬ್ಬರು ಗೋಡೆಗೆ ಕಚ್ಚಿಕೊಳ್ಳುತ್ತದೆ. ಮೆಟ್ಟಿಲು ಮುಂದೆ ಸಾಗುತ್ತದೆ, ಪಾದರಕ್ಷೆ ಎಳೆದುಕೊಂಡು ಸಂದಿನೊಳಕ್ಕೆ ಇಳಿಯುತ್ತದೆ, ಹಿಂದೆಯೇ ಬೆರಳು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2008ರಲ್ಲಿ ಇಂಥ ಪಾದರಕ್ಷೆಯ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು. ಬಿಚ್ಚಿದ ಲೇಸು, ನೆಲಕ್ಕೆ ತಾಗುವ ಬಟ್ಟೆಯ ಅಂಚು, ಜೋತುಬಿದ್ದ ಶಾಲು ಕೂಡ ಹಾಗೆಯೇ ಸಿಕ್ಕಿಕೊಳ್ಳುತ್ತವೆ. ಮಗುವನ್ನು ಮೆಟ್ಟಿಲಿನ ನಡುವೆ, ಮುಖ ಮುಂದೆ ಮಾಡಿ ನಿಲ್ಲಿಸಿ ಕೈ ಹಿಡಿದುಕೊಳ್ಳಬೇಕು. ತುದಿಯಲ್ಲಿ ಮೆಟ್ಟಿಲು ಬಾಚಣಿಗೆಯಂಥ ಹಲ್ಲುಗಳ ಕೆಳಗೆ ನುಸುಳುತ್ತದೆ, ಅಲ್ಲಿ ಕಾಲು ಎತ್ತಿ ದಾಟಿಸಬೇಕು, ಜಾರಿಸಬಾರದು. ಮಗುವಿನ ಸ್ಟ್ರಾಲರ್ ಎಸ್ಕಲೇಟರಿಗೆ ಸಲ್ಲದು. ಮುಂದಿನ ಚಕ್ರ ಆ ಹಲ್ಲುಗಳಿಗೆ ತಡೆದು ನಿಂತರೆ ಹಿಂದಿನಿಂದ ಮೆಟ್ಟಿಲು ತಳ್ಳುತ್ತಲೇ ಇರುತ್ತದೆ, ಗಾಡಿ ಮುಗ್ಗರಿಸುತ್ತದೆ. ಲಿಫ್ಟಿಗೆ ಐದು ನಿಮಿಷ ಕಾಯುವುದೇ ಲೇಸು. ಎಸ್ಕಲೇಟರಿನ ಮೇಲ್ತುದಿ, ಕೆಳತುದಿಗಳಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣದ ತುರ್ತು ನಿಲುಗಡೆ ಗುಂಡಿ ಇರುತ್ತದೆ. ಹತ್ತುವ ಮೊದಲು ಅದು ಎಲ್ಲಿದೆ ಎಂದು ನೋಡಿಟ್ಟುಕೊಂಡವರು ಸಮಯಕ್ಕೆ ಒತ್ತಬಲ್ಲರು.

ಮೆಟ್ರೊ ಹತ್ತುವಾಗ ಒಬ್ಬರು ದೊಡ್ಡವರು ಮೊದಲು, ಮಕ್ಕಳು ನಡುವೆ, ಇನ್ನೊಬ್ಬರು ಕೊನೆಗೆ. ಇಳಿಯುವಾಗಲೂ ಇದೇ ಕ್ರಮ. ಬಾಗಿಲು ಯಾರಿಗೂ ಕಾಯುವುದಿಲ್ಲ. ಅದಕ್ಕೇ ಮನೆಯಿಂದ ಹೊರಡುವ ಮೊದಲೇ ಮಕ್ಕಳಿಗೆ ಎರಡು ವಾಕ್ಯ ಬಾಯಿಪಾಠ ಮಾಡಿಸಬೇಕು. ‘ನಾನೊಬ್ಬನೇ ರೈಲಿನಲ್ಲಿ ಉಳಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲುತ್ತೇನೆ. ನಾನೊಬ್ಬನೇ ಪ್ಲಾಟ್‌ಫಾರ್ಮಿನಲ್ಲಿ ಉಳಿದರೆ ಅಲ್ಲಿಂದ ಕದಲುವುದಿಲ್ಲ.’ ದೊಡ್ಡವರ ಪಾಲಿನ ಕೆಲಸ ಅದಕ್ಕೆ ತಕ್ಕಂತೆ. ಮಗು ರೈಲಿನಲ್ಲಿ ಹೋಗಿಬಿಟ್ಟರೆ ನಿಲ್ದಾಣದ ಸಿಬ್ಬಂದಿಗೆ ತಿಳಿಸಿ ಮುಂದಿನ ರೈಲು ಹಿಡಿಯುವುದು, ಪ್ಲಾಟ್‌ಫಾರ್ಮಿನಲ್ಲಿ ಉಳಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗುವುದು. ಇಬ್ಬರೂ ಹುಡುಕಲು ಹೊರಟರೆ ಎದುರುಬದುರಾಗಿ ದಾಟಿಹೋಗುತ್ತಾರೆ.

ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಳ್ಳುವುದಕ್ಕೆ ಸಿದ್ಧತೆ ಬೆಳಿಗ್ಗೆಯೇ ಆಗಬೇಕು. ಕೋಣೆಯಿಂದ ಹೊರಡುವಾಗ ಆ ದಿನದ ಬಟ್ಟೆ, ಚಪ್ಪಲಿ ಕಾಣುವಂತೆ ಮಗುವಿನ ಒಂದು ಫೋಟೊ. ಗಾಬರಿಯಲ್ಲಿ ಅಂಗಿಯ ಬಣ್ಣ ಯಾರಿಗೂ ನೆನಪಿಗೆ ಬರುವುದಿಲ್ಲ. ಮುಂಗೈಯ ಒಳಬದಿಯಲ್ಲಿ ಬಾಲ್‌ಪೆನ್ನಿನಿಂದ ಫೋನ್ ಸಂಖ್ಯೆ ಬರೆದು ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಬೇಕು, ಇಲ್ಲದಿದ್ದರೆ ಎರಡು ಸಲ ಕೈ ತೊಳೆದರೆ ಅಳಿಸಿಹೋಗುತ್ತದೆ. ಅಂಗಿಯ ಮೇಲೆ ಹೆಸರು ಬರೆಯಬಾರದು, ಹೆಸರು ಹಿಡಿದು ಕರೆದವರನ್ನು ಮಗು ಪರಿಚಿತರೆಂದು ನಂಬುತ್ತದೆ. ಅಪ್ಪ ಅಮ್ಮ ಕಾಣದಿದ್ದರೆ ನಿಂತಲ್ಲೇ ನಿಲ್ಲುವುದು, ಸಮವಸ್ತ್ರದ ಸಿಬ್ಬಂದಿಯನ್ನೋ ಮಕ್ಕಳ ಜೊತೆಗಿರುವ ತಾಯಿಯನ್ನೋ ಕೇಳುವುದು ಎಂದು ಕಲಿಸಬೇಕು. ಮಾಲಿನಲ್ಲಿ ಮಗು ಕಾಣದಾದಾಗ ಹೆತ್ತವರು ಮೊದಲು ತಾವೇ ಅತ್ತಿತ್ತ ಓಡುತ್ತಾರೆ. ಸಿಬ್ಬಂದಿಗೆ ಹೇಳುವುದು ಮೊದಲಾಗಬೇಕು. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ 1994ರಲ್ಲಿ ಶುರುವಾದ ‘ಕೋಡ್ ಆಡಮ್’ ಪದ್ಧತಿಯ ತಿರುಳೇ ಇದು. ಮಗುವಿನ ಚಹರೆಯನ್ನು ಧ್ವನಿವರ್ಧಕದಲ್ಲಿ ಹೇಳಿ, ಹೊರಬಾಗಿಲುಗಳಲ್ಲಿ ಕಾವಲು ನಿಲ್ಲಿಸಿ ಹುಡುಕುತ್ತಾರೆ, ಹತ್ತು ನಿಮಿಷದಲ್ಲಿ ಸಿಗದಿದ್ದರೆ ಪೊಲೀಸರಿಗೆ ಕರೆ ಹೋಗುತ್ತದೆ. ದೊಡ್ಡವರು ಕೂಡ ‘ಗೇಟಿನ ಹತ್ತಿರ ಸಿಗೋಣ’ ಎಂದು ಹೇಳಿಕೊಳ್ಳಬಾರದು. ಗೇಟುಗಳು ನಾಲ್ಕಿರುತ್ತವೆ. ಇದೇ ಪ್ರತಿಮೆ, ಇದೇ ಗಡಿಯಾರ ಎಂದು ಅಲುಗದ ಒಂದು ಗುರುತನ್ನು ಎಲ್ಲರೂ ಕೈಯಿಂದ ಮುಟ್ಟಿ ಹೋಗುವುದು ಒಳ್ಳೆಯದು. ಜನ ಸೇರಿದ ಕಡೆ ಫೋನಿನ ನೆಟ್‌ವರ್ಕ್ ಕೈಕೊಡುತ್ತದೆ.

ಫೋನಿನ ಬ್ಯಾಟರಿಯೂ ಕೈಕೊಡುತ್ತದೆ. ನಕ್ಷೆ, ಕ್ಯಾಮೆರಾ ಎರಡೂ ಬೆಳಗಿನಿಂದ ಓಡಿದರೆ ಮಧ್ಯಾಹ್ನ ಮೂರಕ್ಕೆ ಮುಗಿದಿರುತ್ತದೆ, ಸಂಜೆಯ ಟಿಕೆಟ್ ಅದರೊಳಗೇ ಇರುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕು 5,000 ಎಂಎಎಚ್ ಫೋನನ್ನು ಎರಡು ಸಲ ತುಂಬುತ್ತದೆ ಎಂದು ಲೆಕ್ಕ ಹಾಕಬಾರದು. ವೋಲ್ಟೇಜು ಏರಿಸಿ ಇಳಿಸುವಲ್ಲಿ ಒಂದಷ್ಟು ಶಾಖವಾಗಿ ಹೋಗುತ್ತದೆ, ಸಿಗುವುದು ಸುಮಾರು ಒಂದೂವರೆ ಸಲ. ಟಿಕೆಟ್ಟಿನ ಕ್ಯೂಆರ್ ಕೋಡನ್ನು ಸ್ಕ್ರೀನ್‌ಶಾಟ್ ತೆಗೆದು ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಬೇಕು. ಕೆಲವು ಕಡೆ ನಿಮಿಷಕ್ಕೊಮ್ಮೆ ಬದಲಾಗುವ ಕೋಡು ಇರುತ್ತದೆ, ಅಲ್ಲಿ ಸ್ಕ್ರೀನ್‌ಶಾಟ್ ನಡೆಯದು, ಆ್ಯಪ್ ತೆರೆದೇ ತೋರಿಸಬೇಕು. ಮಕ್ಕಳ ರಿಯಾಯಿತಿಯನ್ನು ಒಂದೆಡೆ ವಯಸ್ಸಿನಿಂದ, ಇನ್ನೊಂದೆಡೆ ಎತ್ತರದಿಂದ ಲೆಕ್ಕ ಹಾಕುತ್ತಾರೆ. ವಯಸ್ಸಿನ ದಾಖಲೆಯ ಒಂದು ಪ್ರತಿ ಚೀಲದಲ್ಲಿರಲಿ.

ಊಟ, ಶೌಚಾಲಯ ಎರಡಕ್ಕೂ ಒಂದೇ ನಿಯಮ: ಬೇಕಾದಾಗಲ್ಲ, ಇರುವ ಕಡೆ. ಮಗು ಶೌಚಕ್ಕೆ ಕೊಡುವ ಮುನ್ಸೂಚನೆ ಐದು ನಿಮಿಷದ್ದು, ನಗರದಲ್ಲಿ ಮುಂದಿನ ಶೌಚಾಲಯ ಇಪ್ಪತ್ತು ನಿಮಿಷ ದೂರ ಇರಬಹುದು. ಹಾಗಾಗಿ ಸಂಗ್ರಹಾಲಯ, ಮಾಲು, ದೊಡ್ಡ ನಿಲ್ದಾಣ ಯಾವುದನ್ನು ಬಿಡುವಾಗಲೂ ಎಲ್ಲರೂ ಹೋಗಿಬರಬೇಕು. ಮಧ್ಯಾಹ್ನದ ಊಟಕ್ಕೆ ಒಂದೂಕಾಲಿಗೆ ಹೋದರೆ ಸರತಿ ಸಾಲಿನಲ್ಲೇ ಮುಕ್ಕಾಲು ಗಂಟೆ ಹೋಗಬಹುದು, ಹನ್ನೆರಡಕ್ಕೆ ಹೋದರೆ ಕೂರಲು ಜಾಗ ಸಿಗುತ್ತದೆ. ಸಂಜೆ ಐದಕ್ಕೆ ಮಗು ರಚ್ಚೆ ಹಿಡಿಯಿತು ಎನ್ನುತ್ತಾರೆ. ಅದರ ಮೂಲ ಬಹಳ ಸಲ ತಡವಾದ ಊಟದಲ್ಲೋ ತಪ್ಪಿದ ನಿದ್ದೆಯಲ್ಲೋ ಇರುತ್ತದೆ.

ಟ್ಯಾಕ್ಸಿಯ ಬಗ್ಗೆ ಒಂದು ಮಾತು. ನಾಲ್ಕು ಜನರಿದ್ದರೆ ಮೆಟ್ರೊ ಟಿಕೆಟ್ಟುಗಳ ಮೊತ್ತಕ್ಕೂ ಟ್ಯಾಕ್ಸಿ ಬಾಡಿಗೆಗೂ ಸಣ್ಣ ದೂರಕ್ಕೆ ಹೆಚ್ಚು ವ್ಯತ್ಯಾಸ ಬಾರದು. ಐದನೆಯವರು ಬಂದ ಕೂಡಲೇ ಲೆಕ್ಕ ಮುರಿಯುತ್ತದೆ, ಸಾಮಾನ್ಯ ಕಾರಿನಲ್ಲಿ ಚಾಲಕನ ಹೊರತು ನಾಲ್ವರಿಗೇ ಜಾಗ. ದೊಡ್ಡ ಗಾಡಿ ಮೊದಲೇ ಹೇಳಿಡಬೇಕು. ಆ್ಯಪಿನ ಗುರುತು ನಿಲ್ದಾಣದ ಹಿಂಬದಿಗೋ ಮೇಲ್ಸೇತುವೆಯ ಮೇಲಕ್ಕೋ ಬಿದ್ದಿದೆಯೇ ಎಂದು ನೋಡದೆ ಒತ್ತಿದರೆ ಕಾರು ಒಂದು ಕಡೆ, ಕುಟುಂಬ ಇನ್ನೊಂದು ಕಡೆ.

ಹಿಂದಿರುಗುವ ದಿನ ಕೊನೆಯ ರೈಲಿಗೋ ಬಸ್ಸಿಗೋ ಟಿಕೆಟ್ ಮಾಡಿಸಬಾರದು, ಅದಕ್ಕಿಂತ ಒಂದು ಮೊದಲಿನದಕ್ಕೆ ಮಾಡಿಸಬೇಕು. ಭಾನುವಾರ ಸಂಜೆ ಊರಿಗೆ ಊರೇ ಹಿಂದಿರುಗುತ್ತಿರುತ್ತದೆ. ನಕ್ಷೆ ಮಧ್ಯಾಹ್ನ ತೋರಿಸಿದ 40 ನಿಮಿಷ ಸಂಜೆ 6ಕ್ಕೆ ಒಂದೂವರೆ ಗಂಟೆ ಆಗಬಹುದು. ಲಗೇಜು ಎತ್ತಿಕೊಳ್ಳುವ ಜಾಗ, ಹೊರಡುವ ನಿಲ್ದಾಣ, ಭಾನುವಾರ ಮಧ್ಯಾಹ್ನದ ಕೊನೆಯ ತಾಣ ಮೂರೂ ನಗರದ ಒಂದೇ ದಿಕ್ಕಿನಲ್ಲಿ ಇರುವಂತೆ ನೋಡಿಕೊಂಡರೆ ಆ ಓಟವೇ ಇರುವುದಿಲ್ಲ.

ಸಂಪಾದಕರೇ, ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಪ್ರವಾಸ ಪುಟದ ಪ್ರತಿ ಬರಹದ ಕೊನೆಗೆ ಒಂದು ಸಣ್ಣ ಚೌಕ ಹಾಕಿಸಿ. ವಾರದ ರಜೆ ಯಾವ ದಿನ, ಕೊನೆಯ ಪ್ರವೇಶ ಎಷ್ಟು ಗಂಟೆಗೆ, ಒಳಗೆ ಎಷ್ಟು ನಡೆಯಬೇಕು, ಎಷ್ಟು ಮೆಟ್ಟಿಲು, ಲಿಫ್ಟ್ ಮತ್ತು ಗಾಲಿಕುರ್ಚಿ ಇವೆಯೇ, ಶೌಚಾಲಯ ಎಲ್ಲಿ, ಚೀಲ ಇಡಲು ಜಾಗವಿದೆಯೇ, ಹಿಂದಿನ ತಾಣದಿಂದ ಭಾನುವಾರ ಬರಲು ಎಷ್ಟು ಹೊತ್ತು. ಬರೆಯುವವರು ಅಲ್ಲಿಗೆ ಹೋದಾಗ ಅರ್ಧ ಗಂಟೆ ಹೆಚ್ಚು ನಿಂತರೆ ಇಷ್ಟನ್ನೂ ಗುರುತು ಹಾಕಿಕೊಳ್ಳಬಹುದು. ಜಾಗ ಸಾಲದಿದ್ದರೆ ಚಿತ್ರಗಳಲ್ಲಿ ಒಂದನ್ನು ಬಿಡಿ, ಚೌಕವನ್ನು ಬಿಡಬೇಡಿ.

ಇತಿ,
ಕುಟುಂಬ ಪ್ರವಾಸ ಯೋಜಕರ ಒಂದು ಗುಂಪು